ನನ್ನ ಮೈಕಿಗೆ ಅಂಟಿದ ‘ಬೃಹತ್’

ಮಧುಗಿರಿ ಕಡೆ ಆಟೋಗೆ ಮೈಕ್ ಕಟ್ಟಿಕೊಂಡು ಪ್ರಚಾರ ಮಾಡೋನು ನಾನು. ಏನೇ ಕೂಗಿದರೂ ಮುಂದೆ ‘ಬೃಹತ್’ ಬಂದೇಬಿಡುತ್ತೆ. ಏನ್ಮಾಡ್ಲಿ ಸ್ವಾಮಿ, ಆ ಪದ ಬಾಯಿಗೆ ಬಂದರೆ ಎದೆಯೇ ಉಬ್ಬುತ್ತೆ! ಅದರಿಂದಾದ ಫಜೀತಿ ಒಂದಾ ಎರಡಾ? ಅದಕ್ಕೇ, ಕೊಡಿಗೇನಹಳ್ಳಿಯಲ್ಲಿ ಹೋಟೆಲ್ ತೆಗೆಯಲು ಹೊರಟ ನನ್ನ ಹೆಂಡತಿ ಮೊದಲೇ ಆಣೆ ಹಾಕಿಸಿಕೊಂಡು ಎಚ್ಚರಿಸಿದ್ದಳು: "ನಂದು ಸಣ್ಣ ಹೋಟ್ಲು. ಆ ಮಾತು ಅಂಟ್ಸಿ ನನ್ ಮಾನ ಕಳೀಬ್ಯಾಡಿ ಮತ್ತೆ!" ಅವಳ ಭಯಕ್ಕೆ ಕಾರಣ ಇತ್ತು.

ಶಿರಾದ ಸೀರೆ ಮೇಳ

"ಬೃಹತ್ ಸೀರೆ ಮೇಳ! ಬನ್ನಿ ತಾಯಂದಿರೇ!" ಅಂತ ಶಿರಾ ಪೂರ್ತಿ ಕೂಗಿದೆ. ಹೋಗಿ ನೋಡಿದರೆ ಛತ್ರದ ಮೂಲೆಯಲ್ಲಿ ಒಂದು ಮಂಚ, ಅದರ ಮೇಲೆ ಒಂದಿಷ್ಟು ಸೀರೆ. ಸೀರೆಗೆ ಬಂದ ಒಬ್ಬ ಮುಸ್ಲಿಂ ಹೆಂಗಸು ನನ್ನನ್ನೇ ಹಿಡಿದು, "ಕ್ಯಾ ಭಾಯ್, ಬೃಹತ್ ಎಲ್ಲೈತೆ?" ಅಂದರು. ಸೀರೆ ಮಾರುವವನು ತಲೆ ಎತ್ತದೆಯೇ ಉತ್ತರ ಕೊಟ್ಟ:

"ಒಂದನ್ನ ಬಿಚ್ಚಿ ಹಿಡೀರಮ್ಮ, ಛತ್ರದ ಬಾಗ್ಲು ತನಕ ಬತ್ತದೆ!"

ಪಾವಗಡದ ಮೇಕೆಮರಿ

ತೆಲುಗು-ಕನ್ನಡ ಬೆರೆಸಿ ಮಾತಾಡೋ ಪಾವಗಡದಲ್ಲಿ ಒಬ್ಬ ಅಜ್ಜಿ ಅಳ್ತಾ ಆಟೋ ನಿಲ್ಲಿಸಿದಳು. "ನಾಯನಾ, ನನ್ ಮೇಕೆಮರಿ ಬೆಳಗ್ಗಿಂದ ಕಾಣ್ತಿಲ್ಲ. ವಸಿ ಕೂಗಪ್ಪಾ." ತಕ್ಷಣ ಮೈಕ್ ಹಿಡಿದೆ: "ಬೃಹತ್ ಮೇಕೆಮರಿ ಕಳೆದುಹೋಗಿದೆ!" ಸ್ವಲ್ಪ ಹೊತ್ತಿಗೆ ಒಬ್ಬಾತ ಗಡ್ಡ, ಕೊಂಬು ಇರೋ ದೊಡ್ಡ ಹೋತವನ್ನೇ ಎಳ್ಕೊಂಡು ಬಂದ. "ಅವ್ವಾ, ಇದೇನಾ ನೀದಿ, ನಿನ್ ಮರಿ?"

ಅಜ್ಜಿ ಕಣ್ಣೊರೆಸಿಕೊಂಡು ಹೋತವನ್ನು ಮೇಲಿಂದ ಕೆಳಗೆ ನೋಡಿದಳು. "ಅವುನು ನಾಯನಾ, ಇದೇ! ಬೆಳಗ್ಗಿಂದ ಎಷ್ಟು ಬೆಳ್ದ್ಬುಟ್ಟೈತೆ ನೋಡು!"

ಹೋಟೆಲ್ ಶುರುವಾದ ದಿನ

ಎರಡು ಬೆಂಚು, ಒಂದು ಇಡ್ಲಿ ಪಾತ್ರೆ. ಬಿಸಿಲೇರಿದರೂ ಒಂದು ನರಪಿಳ್ಳೆಯೂ ಬರಲಿಲ್ಲ. "ಯಾರೂ ಬರ್ದೇ ಹೋದ್ರೆ ಹೆಂಗ್ರೀ?" ಅಂತ ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು. ಎಷ್ಟು ವರ್ಷದ ಆಸೆ ಅವಳದ್ದು! ಆಣೆಗೀಣೆ ಎಲ್ಲ ಆಮೇಲೆ ಅಂತ ಆಟೋ ಹತ್ತಿದೆ.

"ಬೃಹತ್ ಹೋಟೆಲ್! ಬೃಹತ್ ಇಡ್ಲಿ! ಬೃಹತ್ ಚಟ್ನಿ!"

ಅಬ್ಬಬ್ಬಾ! ಹಿಂದೂಪುರದ ಬಸ್ಸಿಗೆ ಕಾಯ್ತಿದ್ದೋರು, ಮಧುಗಿರಿ ಬಸ್ಸಿಂದ ಇಳಿದೋರು, ಎಲ್ಲಾ ನುಗ್ಗಿದರು. ಬೆಂಚು ಸಾಲದೆ ನಿಂತೇ ತಿಂದರು. ನೋಡನೋಡ್ತಿದ್ದ ಹಾಗೇ ಪಾತ್ರೆ ಖಾಲಿ! ಹಿಂದಿದ್ದೋರು ನನ್ನನ್ನು ಸುತ್ತುವರಿದರು. "ಎಲ್ಲಯ್ಯಾ ನಿನ್ ಬೃಹತ್ತು? ಒಂದಿಡ್ಲಿಗೂ ಗತಿ ಇಲ್ವಲ್ಲಾ!"

ಸೌಟು ಹಿಡಿದುಕೊಂಡೇ ಹೆಂಡತಿ ಹೊರಗೆ ಬಂದಳು. ನನ್ನ ಕತೆ ಮುಗೀತು ಅಂದುಕೊಂಡೆ. ಅವಳು ಮೈಕ್ ಕಿತ್ತುಕೊಂಡಳು.

"ಅಣ್ಣಂದಿರಾ, ಅಕ್ಕಂದಿರಾ, ಇವತ್ತಿನ ಇಡ್ಲಿ ಮುಗ್ದೋಯ್ತು. ನಾಳೆ ಎಲ್ರೂ ಬನ್ನಿ, ಹೊಟ್ಟೆ ತುಂಬಾ ಇಕ್ತೀನಿ. ಹಿಟ್ಟು ರುಬ್ಬಕ್ಕೆ ಬೃಹತ್ ಗಂಡ ಒಬ್ಬ ಸಿಕ್ಕವ್ನೆ!"