ಸಾಹೇಬರ ನೀರು ಅಳೆದ ಕಡ್ಡಿ

ಗಂಡ ಸತ್ತ ಎರಡು ತಿಂಗಳಿಗೆ ಆಕೆ ಒಂದು ತೀರ್ಮಾನಕ್ಕೆ ಬಂದಳು. ಈ ಮನೆಯಲ್ಲಿ ಇನ್ನು ಯಾರೂ ಸಾಯಕೂಡದು. ಯಾರೂ ಅಂದರೆ ಉಳಿದಿದ್ದವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬರು ಹಜಾರದ ಗಾಜಿನ ತೊಟ್ಟಿಯಲ್ಲಿದ್ದ ಸಾಹೇಬರು.

ಸಾಹೇಬರು ಅಂದರೆ ಗಂಡ ಹನ್ನೊಂದು ವರ್ಷ ಸಾಕಿದ ಕಿತ್ತಳೆ ಬಣ್ಣದ ಮೀನು. ಊದಿದ ಕೆನ್ನೆ, ಯಾರು ಎದುರು ನಿಂತರೂ ಅರ್ಜಿ ತಿರಸ್ಕರಿಸುವ ಮುಖ. ಗಂಡ ಇದ್ದಷ್ಟು ದಿನ ಆಕೆ ಅದರ ತಂಟೆಗೆ ಹೋದವಳಲ್ಲ. ಈಗ ಹಾಸಿಗೆ ಬಿಟ್ಟು ಎದ್ದರೆ ಮೊದಲ ಕೆಲಸ, ಅದು ಹೊಟ್ಟೆ ಮೇಲೆ ಮಾಡಿ ತೇಲುತ್ತಿಲ್ಲ ತಾನೇ ಎಂದು ಇಣುಕುವುದು. ತನ್ನ ಕೈಯಲ್ಲಿ ಇದೂ ಹೋದರೆ ಅವರಿಗೆ ಏನು ಉತ್ತರ ಕೊಡಲಿ ಎಂದು ಮಗಳ ಹತ್ತಿರ ಹೇಳಿಕೊಂಡಳು. ಮಗಳು ಅದನ್ನು ತನ್ನ ಗಂಡನಿಗೆ ದಾಟಿಸಿದಳು.

ಮರುವಾರ ಅಳಿಯ ಒಂದು ಯಂತ್ರ ತಂದ. ಅಂಗೈಯಗಲದ ಪೆಟ್ಟಿಗೆ, ಅದರಿಂದ ಹೊರಟ ತಂತಿ, ತಂತಿಯ ತುದಿಗೆ ಪೆನ್ನಿನ ಗಾತ್ರದ ಕಡ್ಡಿ, ಕಡ್ಡಿಯ ತುದಿಗೆ ಗಾಜಿನ ಗುಳ್ಳೆ. ಕಡ್ಡಿ ನೀರಿನಲ್ಲಿರಬೇಕು, ಪೆಟ್ಟಿಗೆ ನೀರಿನ ಹುಳಿ ಅಳೆದು ಅಂಕಿ ತೋರಿಸುತ್ತದೆ. ಏಳರ ಆಸುಪಾಸಿನಲ್ಲಿದ್ದರೆ ಕ್ಷೇಮ. ಹುಳಿ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ, ಆರಕ್ಕಿಂತ ಇಳಿದರೆ ಕೂಗುತ್ತದೆ.

"ನೀವೇನೂ ಮಾಡೋದು ಬೇಡ ಅತ್ತೆ. ಅದನ್ನ ಅದರ ಪಾಡಿಗೆ ಬಿಟ್ಟುಬಿಡಿ" ಎಂದ ಅಳಿಯ.

ಏನೂ ಮಾಡದೆ ಇರುವುದು ಆಕೆಯಿಂದ ಆಗದ ಮಾತು. ಇಪ್ಪತ್ತೆರಡು ವರ್ಷದಿಂದ ಆಕೆಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಾಮಾನು ತೊಳೆಯುವ ಕೆಲಸ. ಒಬ್ಬರ ಬಾಯಿಗೆ ಹೋಗಿಬಂದ ಕನ್ನಡಿ, ಕೊಕ್ಕೆ, ಇಕ್ಕಳ ಎಲ್ಲವೂ ಆಕೆಯ ಕೈ ದಾಟಿಯೇ ಇನ್ನೊಬ್ಬರ ಬಾಯಿಗೆ ಹೋಗಬೇಕು. ಸೋಪು ಹಚ್ಚು, ತೊಳೆ, ಒರೆಸು, ಒಣಗಿಸು. ಒದ್ದೆ ಸಾಮಾನು ಟ್ರೇಗೆ ಬಂದರೆ ಡಾಕ್ಟರು ಬೈಯುವುದಿಲ್ಲ, ಕನ್ನಡಕದ ಮೇಲಿಂದ ನೋಡುತ್ತಾರೆ. ಬೈದಿದ್ದರೇ ವಾಸಿ.

ಅಂಥವಳ ಮನೆಯಲ್ಲಿ ಒಂದು ಕಡ್ಡಿ ಮೂರು ಹೊತ್ತೂ ಮೀನಿನ ಕೊಳೆಯಲ್ಲಿ ನೆನೆಯುತ್ತಾ ಬಿದ್ದಿರುವುದೆಂದರೆ ಮರ್ಯಾದೆಯ ಪ್ರಶ್ನೆ. ಎರಡನೆಯ ದಿನವೇ ಆಕೆ ಅದನ್ನು ಹೊರಗೆ ತೆಗೆದಳು. ಸೋಪು ಹಚ್ಚಿ ಉಜ್ಜಿ, ಗುಳ್ಳೆಯನ್ನು ಒರೆಸಿ, ಬಿಳಿ ಬಟ್ಟೆ ಹಾಸಿ ಬಾಲ್ಕನಿಯ ಬಿಸಿಲಿನಲ್ಲಿ ಮಲಗಿಸಿದಳು. ಸಂಜೆ ಕೆಲಸದಿಂದ ಬಂದು ನೀರಿಗಿಳಿಸಿದಳು. ಹೀಗೆ ಒಂದು ವಾರ. ಅಷ್ಟು ಶುಭ್ರವಾದ ಕಡ್ಡಿಯನ್ನು ಅದನ್ನು ಮಾಡಿದವರೂ ಕಂಡಿರಲಾರರು.

ಎಂಟನೆಯ ದಿನ ಪೆಟ್ಟಿಗೆ ಕೂಗಿತು. ಅಂಕಿ ನಾಲ್ಕು.

ಅಳಿಯನಿಗೆ ಫೋನು ಹೋಯಿತು. ಅರ್ಧ ನೀರು ಬದಲಾಯಿಸಿ ಎಂದ. ಬದಲಾಯಿಸಿದಳು. ನಾಲ್ಕು. ಮಾರನೆಯ ದಿನದಿಂದ ದಿನಾ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬದಲಾಯಿಸಿದಳು. ಪೆಟ್ಟಿಗೆ ಹಟ ಬಿಡಲಿಲ್ಲ. ಅಲ್ಲಿಯವರೆಗೆ ದರ್ಬಾರು ನಡೆಸಿಕೊಂಡಿದ್ದ ಸಾಹೇಬರು ನಾಲ್ಕನೆಯ ದಿನಕ್ಕೆ ರೆಕ್ಕೆ ಮಡಚಿ ಮೂಲೆ ಸೇರಿದರು. ಹಾಕಿದ ಕಾಳು ಮುಟ್ಟಲಿಲ್ಲ. ಆಕೆಯೂ ಅಂದು ಊಟ ಮುಟ್ಟಲಿಲ್ಲ.

ಹೊಸ ನೀರೂ ನಾಲ್ಕು ಎಂದರೆ ದೋಷ ನಲ್ಲಿಯದು. ಪೆಟ್ಟಿಗೆ ಹಿಡಿದು, ಕೆಳಮನೆಯಲ್ಲಿದ್ದ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿಯವರ ಬಾಗಿಲು ತಟ್ಟಿದಳು. ಅವರು ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ಮನುಷ್ಯ, ಅಂಕಿ ಕಂಡರೆ ಎದ್ದು ನಿಲ್ಲುವಂಥವರು. ಕಡ್ಡಿಯನ್ನು ತಮ್ಮ ಕುಡಿಯುವ ಲೋಟಕ್ಕೆ ಅದ್ದಿದರು. ನಾಲ್ಕು. ಮುಖ ಬಿಳಿಚಿತು.

"ಮೀನು ನಾಲ್ಕೇ ದಿನಕ್ಕೆ ಮೂಲೆ ಸೇರ್ತು ಅಂತೀರಿ" ಎಂದರು. "ನಾವು ಹದಿನೈದು ವರ್ಷದಿಂದ ಕುಡೀತಿದೀವಿ."

ಮಧ್ಯಾಹ್ನಕ್ಕೆ ಮೆಟ್ಟಿಲ ಬಳಿ ನೋಟೀಸು ಬಿತ್ತು. ಹನ್ನೆರಡು ಮನೆಯವರೂ ನಲ್ಲಿ ಮುಚ್ಚಿದರು. ಮಾಳಿಗೆಯ ಟ್ಯಾಂಕು ಖಾಲಿ ಮಾಡಿಸಿ ತಿಕ್ಕಿಸಲಾಯಿತು. ಆಗ ಒಬ್ಬೊಬ್ಬರ ಕಾಯಿಲೆಗೂ ಕಾರಣ ಸಿಗತೊಡಗಿತು. ಎರಡನೆಯ ಮಹಡಿಯವರ ತಲೆ ಬೋಳಾದದ್ದು ಈ ನೀರಿನಿಂದ. ಅವರ ಎದುರು ಮನೆಯಾಕೆಯ ಮಂಡಿನೋವು ಈ ನೀರಿನಿಂದ. ತನ್ನ ಗಂಡನ ಸಿಟ್ಟು ಕೂಡ ಇದರಿಂದಲೇ ಎಂದು ಆ ಮಂಡಿನೋವಿನವಳು ಹೇಳಿದಳು, ಅವಳ ಗಂಡ ಸಿಟ್ಟಾದ.

ಗಂಡ ಸತ್ತಾಗಿನಿಂದ ಮೆಟ್ಟಿಲಲ್ಲಿ ಸಿಕ್ಕವರೆಲ್ಲ ಮೀನಿನ ಮನೆಯಾಕೆಯನ್ನು ಕಂಡು ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ಈಗ ನಿಲ್ಲಿಸಿ ಮಾತಾಡಿಸಿದರು. ನೀವಿಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದರು. ಆಕೆ ಬೆನ್ನು ಸ್ವಲ್ಪ ನೆಟ್ಟಗೆ ಮಾಡಿ ನಡೆದಳು. ಸುಳ್ಳೇಕೆ, ಹಿತವಾಗಿತ್ತು.

ಮೂರನೆಯ ದಿನ ನೀರಿನ ಇಲಾಖೆಯವನು ಬಂದ. ಅವನದೇ ಚೀಲ, ಅವನದೇ ಯಂತ್ರ. ಹನ್ನೆರಡು ಮನೆಯ ನಲ್ಲಿಯನ್ನೂ ಅಳೆದ. ಎಲ್ಲ ಕಡೆಯೂ ಏಳು. ಸೆಕ್ರೆಟರಿಯವರು ಸಾಕ್ಷಿಯನ್ನು ಮುಂದಿಟ್ಟರು. ಅವನು ಆಕೆಯ ಕಡ್ಡಿಯನ್ನು ತನ್ನ ಸೀಸೆಯ ನೀರಿಗೆ ಅದ್ದಿದ. ನಾಲ್ಕು. ತನಗೆ ಕೊಟ್ಟಿದ್ದ ಚಹಾಕ್ಕೆ ಅದ್ದಿದ. ನಾಲ್ಕು. ಸೋಪಿನ ನೀರಿಗೆ ಅದ್ದಿದ. ಆಗಲೂ ನಾಲ್ಕು. ಬೆಳಕಿಗೆ ಹಿಡಿದು ಗುಳ್ಳೆ ನೋಡಿದ.

"ಇದನ್ನ ಒಣಗಿಸಿದ್ರಾ?"

"ದಿನಾ" ಎಂದಳು ಆಕೆ. "ಸೋಪಲ್ಲಿ ತೊಳೆದು, ಒರೆಸಿ, ಬಿಸಿಲಿಗಿಟ್ಟು."

ಅವನು ಕಡ್ಡಿಯನ್ನು ಆಕೆಯ ಕೈಗೆ ವಾಪಸು ಕೊಟ್ಟ.

"ಅಮ್ಮಾ, ಇದರ ತುದಿ ಯಾವಾಗ್ಲೂ ಒದ್ದೆ ಇರ್ಬೇಕು. ಒಣಗಿದ್ರೆ ಇದು ಸತ್ತ ಹಾಗೆ."

ಮೆಟ್ಟಿಲ ತುಂಬ ನಿಂತಿದ್ದ ಹನ್ನೆರಡು ಮನೆಯವರು ಒಬ್ಬೊಬ್ಬರಾಗಿ ಕರಗಿದರು. ಬೋಳು ತಲೆಯವರು ಮಾತ್ರ, ಇನ್ನೊಂದು ಸಲ ಅಳೆದು ನೋಡಬಾರದೇ ಎಂದು ಕೇಳಿಕೊಂಡರು.

ಆಕೆಗೆ ನಾಚಿಕೆಪಡಲು ಪುರಸೊತ್ತಿರಲಿಲ್ಲ. ಇಲಾಖೆಯವನನ್ನು ತೊಟ್ಟಿಯ ಮುಂದೆ ತಂದು ನಿಲ್ಲಿಸಿದಳು. ನೀರು ಸರಿಯಿದ್ದರೆ ಇದು ಯಾಕೆ ಹೀಗಿದೆ ಎಂದು ಕೇಳಿದಳು. ಎಷ್ಟು ಸಲ ನೀರು ಬದಲಾಯಿಸಿದಿರಿ ಎಂದ. ಲೆಕ್ಕ ತಪ್ಪಿದೆ ಎಂದಳು.

"ದಿನಕ್ಕೆರಡು ಸಲ ಮನೆ ಬದಲಾಯಿಸಿದ್ರೆ ನೀವೂ ಮೂಲೆ ಸೇರ್ತೀರಿ. ಒಂದು ವಾರ ಕೈ ಹಾಕ್ಬೇಡಿ. ಬದುಕುತ್ತೆ ಅನ್ಸುತ್ತೆ." ಆಮೇಲೆ ಸುತ್ತ ನೋಡಿ ಕೇಳಿದ, "ಯಜಮಾನ್ರು ನೀರು ಹೇಗೆ ನೋಡ್ಕೊಳ್ತಿದ್ರು?"

ಆಕೆ ಯೋಚಿಸಿದಳು. ಯಂತ್ರ ಇರಲಿಲ್ಲ. ವಾರಕ್ಕೊಂದು ಬಕೆಟ್ಟು ನೀರು ಬದಲು. ಉಳಿದಂತೆ ದಿನಾ ಬೆಳಗ್ಗೆ ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡು, ಕೈ ತೊಡೆಯ ಮೇಲಿಟ್ಟುಕೊಂಡು, ಗಂಟೆಗಟ್ಟಲೆ ಕೂರುವುದು.

"ಏನೂ ಮಾಡ್ತಿರ್ಲಿಲ್ಲ. ಸುಮ್ನೆ ಕೂತು ನೋಡ್ತಿದ್ರು. ಕೆಲಸಕ್ಕೆ ಬಾರದ ಮನುಷ್ಯ ಅಂತ ಹನ್ನೊಂದು ವರ್ಷ ಬೈದೆ."

"ಅದೇ ಪರೀಕ್ಷೆ ಅಮ್ಮಾ" ಎಂದ ಅವನು. "ಹೇಗೆ ಈಜುತ್ತೆ, ಹೇಗೆ ತಿನ್ನುತ್ತೆ ಅಂತ ದಿನಾ ನೋಡೋರಿಗೆ ನೀರು ಕೆಟ್ಟಿದ್ದು ಯಂತ್ರಕ್ಕಿಂತ ಮೊದ್ಲೇ ಗೊತ್ತಾಗುತ್ತೆ."

ಮಾರನೆಯ ದಿನ ಆಕೆ ಕುರ್ಚಿ ಹಾಕಿಕೊಂಡು ಕೂತಳು. ಹತ್ತು ನಿಮಿಷಕ್ಕೆ ಬೆನ್ನು ನೋವು. ಕೈಗಳು ಒರೆಸುವ ಬಟ್ಟೆಗಾಗಿ ತಡಕಾಡಿದವು. ಮೂರನೆಯ ದಿನ, ಮೀನೂ ಆಕಳಿಸುತ್ತದೆ ಎಂದು ತಿಳಿಯಿತು. ಆರನೆಯ ದಿನ ಸಾಹೇಬರು ಮೂಲೆ ಬಿಟ್ಟು ಗಾಜಿನ ಹತ್ತಿರ ಬಂದು ರೆಕ್ಕೆ ಬಿಚ್ಚಿದರು. ಒಂದು ಕಾಳು ತಿಂದರು. ಇನ್ನೊಂದು ತಿಂದರು.

ಆ ಹೊತ್ತಿಗೇ ಫೋನು ಬಡಿದುಕೊಂಡಿತು. ಮಗಳು.

"ಎಷ್ಟೊತ್ತಮ್ಮಾ ಫೋನ್ ಎತ್ತೋಕೆ? ಏನ್ ಮಾಡ್ತಿದ್ದೀಯ?"

ಆಕೆ ತೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

"ಕೆಲಸದಲ್ಲಿದ್ದೀನಿ. ಆಮೇಲೆ ಮಾಡು."