ಮೀನಿನ ತೊಟ್ಟಿಯ ಅಚ್ಚುಕಟ್ಟು

ನಮ್ಮ ಚಿಕ್ಕಪ್ಪ ಮೀನು ಸಾಕಿದ್ದು ಕೊತ್ತಂಬರಿ ಸೊಪ್ಪಿಗಾಗಿ. ಹೀಗೆ ಹೇಳಿದಾಗಲೆಲ್ಲ ಕೇಳಿದವರು ನನ್ನ ಮುಖವನ್ನೂ ಒಮ್ಮೆ ಅನುಮಾನದಿಂದ ನೋಡುತ್ತಾರೆ, ಇದು ವಂಶಪಾರಂಪರ್ಯವೇನೋ ಎಂಬಂತೆ. ಅದೂ ಎಂಥ ಮನೆಯಲ್ಲಿ ಅಂತೀರಿ? ಬೆಳ್ಳುಳ್ಳಿಯೂ ಹೊಸ್ತಿಲು ದಾಟದ, ಚಿಕ್ಕಮ್ಮ ಒದ್ದೆ ಸೀರೆಯುಟ್ಟು ಮಡಿಯಲ್ಲಿ ಅಡಿಗೆ ಮಾಡುವ ಮನೆಯಲ್ಲಿ!

ಎಪ್ಪತ್ತರ ದಶಕ ಅದು. ನಾನು ಅವರ ಮನೆಯಲ್ಲಿದ್ದುಕೊಂಡು ಮಂಡ್ಯದಲ್ಲಿ ಕಾಲೇಜು ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಊರಿಗೆ ಹೇಳಿದ ಮಾತು. ಚಿಕ್ಕಪ್ಪ ನಾಲೆ ನೀರಿನ ಲೆಕ್ಕ ಇಡುವ ಕಚೇರಿಯಲ್ಲಿ ಗುಮಾಸ್ತರು. ಬಾಡಿಗೆ ಮನೆ ಮಹಡಿಯ ಮೇಲೆ, ಕೆಳಗೆ ಮಾಲೀಕ ಗೌಡರು. ನೀರು ಸೋರಿ ತಾರಸಿ ಹಾಳಾದೀತೆಂದು ತುಳಸಿಯೊಂದನ್ನು ಬಿಟ್ಟು ಇನ್ನಾವ ಗಿಡಕ್ಕೂ ಗೌಡರ ಅಪ್ಪಣೆಯಿರಲಿಲ್ಲ. ಚಿಕ್ಕಮ್ಮ ಮಳವಳ್ಳಿ ಕಡೆಯ ಕಿರುಗಾವಲಿನಲ್ಲಿ, ದೊಡ್ಡ ಹಿತ್ತಲಿನ ಮನೆಯಲ್ಲಿ ಬೆಳೆದವರು. ಸಾರು ಕುದಿಯುವಾಗಲೆಲ್ಲ, "ಕೈ ಚಾಚಿ ಕಿತ್ತುಕೊಳ್ಳೋಕೆ ಒಂದು ಸೊಪ್ಪಿಲ್ಲದ ಮನೆ" ಎಂದು ನಿಟ್ಟುಸಿರಿಡುತ್ತಿದ್ದರು.

"ಗಿಡ ಇಡಬಾರದು ಅಂದಿದಾರೆ ಸರಿ, ಮೀನು ಇಡಬಾರದು ಅಂದಿದಾರಾ?" ಎಂದರು ಒಂದು ದಿನ ಚಿಕ್ಕಪ್ಪ. ಮೀನಿದ್ದ ನೀರು ಒಳ್ಳೆಯ ಗೊಬ್ಬರವೆಂದು ಎಲ್ಲೋ ಓದಿದ್ದರಂತೆ.

ಮದ್ದೂರಿಗೆ ಹೋದವರು ವಡೆ ತರುತ್ತಾರೆ. ಚಿಕ್ಕಪ್ಪ ಗಾಜಿನ ತೊಟ್ಟಿ ತಂದರು. ಅಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಸಾಬರೊಬ್ಬರಿಂದ ಮಾಡಿಸಿದ್ದು. ಜೊತೆಗೆ ಹೊರಲು ನಾನು. ಬಸ್ಸಿನಲ್ಲಿ ಕಂಡಕ್ಟರು ತಡೆದ.

"ಏನ್ ಸಾ ಇದು ಗಾಜಿನ್ ಮಂಟಪ? ಯಾವ್ ದೇವ್ರನ್ನ ಕೂರುಸ್ತೀರಾ?"

"ಮೀನು ಬಿಡ್ತೀವಿ ಕಣಪ್ಪ."

"ಓ, ಮತ್ಸ್ಯಾವತಾರ. ದೇವ್ರಿಗೆ ಟಿಕೀಟ್ ಬ್ಯಾಡ ಬುಡಿ, ನೀವಿಬ್ರೂ ತಕಳಿ."

ಮೀನು ಹಿಡಿದದ್ದು ನಾಲೆಯಲ್ಲಿ, ಚಿಕ್ಕಪ್ಪನ ಹಳೆಯ ಪಂಚೆಯಲ್ಲಿ. ತುಂಬಿದ ಬಿಂದಿಗೆ ಹೊತ್ತು ನಾವು ಬೀದಿಯಲ್ಲಿ ಬಂದ ಸುದ್ದಿ ನಮಗಿಂತ ಮೊದಲೇ ಮನೆ ತಲುಪಿತ್ತು. ಗೌಡರ ಹೆಂಡತಿ ಮೆಟ್ಟಿಲು ಹತ್ತಿ ಬಂದು ಚಿಕ್ಕಮ್ಮನ ಕಿವಿಯಲ್ಲಿ, "ಮುಚ್ಚಿಕೊಳ್ಳೋದೇನೈತೆ ಕಣವ್ವ, ತಿನ್ನೋದೇನ್ ತಪ್ಪಾ? ಉಣಿಸೆಉಳಿ ಮಾತ್ರ ಮುಂದಾಗಿ ಆಕ್ಬೇಕು" ಎಂದು ಹೇಳಿ ಹೋದರು. ಚಿಕ್ಕಮ್ಮ ಅಂದು ಎರಡು ಸಲ ತಲೆಗೆ ಸ್ನಾನ ಮಾಡಿದರು.

ತೊಟ್ಟಿಯ ಅಂಚಿಗೆ ಚಿಕ್ಕಪ್ಪ ತಗಡಿನ ಉದ್ದ ದೋಣಿಯೊಂದನ್ನು ಕೊಕ್ಕೆ ಹಾಕಿ ನೇತುಹಾಕಿದರು. ಅದರ ತಳಕ್ಕೆ ಉದ್ದಕ್ಕೂ ತೂತು, ಒಳಗೆ ಜಲ್ಲಿ, ಮರಳು. ತೊಟ್ಟಿಯ ನೀರನ್ನು ಚೊಂಬಿನಲ್ಲಿ ಎತ್ತಿ ಒಂದು ತುದಿಗೆ ಹೊಯ್ದರೆ ಅದು ಬೇರುಗಳನ್ನು ನೆನೆಸುತ್ತ, ತೊಟ್ಟಿಕ್ಕಿ ಮತ್ತೆ ಮೀನಿಗೇ ಸೇರುತ್ತಿತ್ತು. ಗೌಡರ ತಾರಸಿಗೆ ಒಂದು ಹನಿಯೂ ಇಲ್ಲ. ಕಚೇರಿಯ ಬುದ್ಧಿ ಮನೆಯಲ್ಲಿ ಬಿಟ್ಟೀತೇ? ನಾಲೆ ಹರಿಯುವ ಕ್ರಮದಲ್ಲೇ, ನೀರು ಹೊಯ್ಯುವ ತುದಿಗೆ ಮಂಡ್ಯ ಎಂದು ಹೆಸರಿಟ್ಟು ಕೊತ್ತಂಬರಿ ಬಿತ್ತಿದರು. ನಡುವೆ ಮದ್ದೂರು, ಅಲ್ಲಿ ಪುದೀನ. ಕೊನೆಯದು ಮಳವಳ್ಳಿ. ಅಲ್ಲಿ ಯಾವುದೋ ಬಾಡಿದ ಬೇರೊಂದನ್ನು ನೆಟ್ಟಿದ್ದರು. ನೀರು ಬಿಡುವ ನೀರುಗಂಟಿ ನಾನು. ಬೆಳಿಗ್ಗೆ ಎದ್ದೊಡನೆ, "ಏನಪ್ಪ ನೀರುಗಂಟಿ, ಕೊನೇ ಭಾಗಕ್ಕೆ ನೀರು ತಲುಪಿತೇ?" ಎಂಬ ವಿಚಾರಣೆ. ಎಲ್ಲಿ ತಲುಪುತ್ತದೆ? ಮಂಡ್ಯ, ಮದ್ದೂರು ಕುಡಿದು ಮಿಕ್ಕರೆ ತಾನೆ! ಆ ತುದಿಗೆ ಚಿಕ್ಕಪ್ಪ ಇಂಕ್ ಫಿಲ್ಲರಿನಲ್ಲಿ ತಾವೇ ನೀರುಣಿಸುತ್ತಿದ್ದರು. ಕೊತ್ತಂಬರಿ ಪೊದೆಯಾಗಿ ಬೆಳೆದರೂ ಅವರ ಚಿಂತೆಯೆಲ್ಲ ಆ ಬಡಕಲು ಬೇರಿನದೇ.

ಚಿಕ್ಕಮ್ಮ ಮಾತ್ರ ಜಗ್ಗಲಿಲ್ಲ. "ಮೀನಿನ ಎಂಜಲು ಕುಡಿದ ಸೊಪ್ಪು ನನ್ನ ಅಡಿಗೆಮನೆಗೆ ಬರಕೂಡದು" ಎಂದವರು ತೊಟ್ಟಿಯಿದ್ದ ಕೋಣೆಗೇ ಕಾಲಿಡಲಿಲ್ಲ. ಚಿಕ್ಕಪ್ಪ ದಿನವೂ ಒಂದು ಹಿಡಿ ಕೊತ್ತಂಬರಿ ತಂದು ಅಡಿಗೆಮನೆಯ ಹೊಸ್ತಿಲ ಹೊರಗೆ ಇಡುವರು. ಅದು ಅಲ್ಲೇ ಬಾಡುವುದು. ಸಂಜೆ ಅದನ್ನು ಮಜ್ಜಿಗೆಗೆ ಹಾಕಿಕೊಂಡು ಕುಡಿಯುತ್ತಿದ್ದ ಅವರ ಮುಖ ನೋಡಿದರೆ ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಒಂದು ಮಧ್ಯಾಹ್ನ ತೊಟ್ಟಿಯ ಗಾಜು ಬಿರುಕು ಬಿಟ್ಟಿತು. ಗೌಡರು ನೆನೆದ ದಿಂಬನ್ನು ಹಿಡಿದುಕೊಂಡೇ ಮೇಲೆ ಬಂದರು.

"ಅಯ್ನೋರೇ, ನಿಮ್ ನಾಲೆ ನನ್ ಮಂಚದ್ ಮ್ಯಾಲೆ ಒಡ್ದೋಯ್ತು ಕಣ್ರೀ. ಸೋರೋ ಸಾಮಾನು ಇನ್ಮ್ಯಾಲೆ ಇಲ್ಲಿರ್ಕೂಡ್ದು."

ಮೀನು ಬಕೆಟ್ಟಿಗೆ ಬಂದವು. ದೋಣಿಯನ್ನು ಇಡಲು ಜಾಗವಿಲ್ಲದೆ ನಾನು ಅಡಿಗೆಮನೆಯ ಹೊಸ್ತಿಲ ಬಳಿ ಇಟ್ಟೆ. "ಸಂಜೆ ನಾಲೆಗೆ ಬಿಟ್ಟು ಬರೋಣ ನಡಿ" ಎಂದರು ಚಿಕ್ಕಪ್ಪ. ಧ್ವನಿಯಲ್ಲಿ ಜೀವವಿರಲಿಲ್ಲ.

ಗಲಾಟೆಗೆ ಹೊರಬಂದ ಚಿಕ್ಕಮ್ಮ ದೋಣಿಯ ಕೊನೆಯ ತುದಿಯನ್ನು ನೋಡಿ ನಿಂತುಬಿಟ್ಟರು. ಆ ಬಾಡಿದ ಬೇರು ನಾಲ್ಕಾರು ದುಂಡನೆಯ ಎಲೆ ಬಿಟ್ಟಿತ್ತು.

"ಇದು ಒಂದೆಲಗ ಅಲ್ವಾ? ಎಲ್ಲಿಂದ ತಂದ್ರಿ?"

"ಕಿರುಗಾವಲಿಂದ," ಎಂದರು ಚಿಕ್ಕಪ್ಪ, ತಪ್ಪು ಮಾಡಿದವರಂತೆ. "ನಿಮ್ಮ ಹಿತ್ತಲ ಬಾವಿಕಟ್ಟೆಯಿಂದ. ಮನೆ ಕೊಂಡುಕೊಂಡವರನ್ನ ಕೇಳಿ ಒಂದು ಬೇರು ತಂದೆ. ನಿಮ್ಮಮ್ಮ ಇದರಲ್ಲಿ ಚಟ್ನಿ ಅರೀತಿದ್ರು ಅಂತಿದ್ಯಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಬದುಕುತ್ತೋ ಇಲ್ವೋ ಅಂತ ಭಯ ಆಯ್ತು ಕಣೇ."

ತಾಯಿ ತೀರಿಕೊಂಡ ಮೇಲೆ ಆ ಮನೆ ಕೈಬಿಟ್ಟುಹೋಗಿತ್ತು. ಚಿಕ್ಕಮ್ಮನಿಗೆ ತವರೆಂಬುದೇ ಇರಲಿಲ್ಲ. ಅವರು ತಿರುಗಿ ಸರಸರನೆ ಒಳಗೆ ಹೋದರು. ಮುನಿದರೆಂದೇ ನಾವು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಹೊರಬಂದರು, ಕೈಯಲ್ಲಿ ಹಿತ್ತಾಳೆಯ ದೊಡ್ಡ ಕೊಪ್ಪರಿಗೆ. ಮದುವೆಯಲ್ಲಿ ತಾಯಿ ಕೊಟ್ಟದ್ದು, ಹಬ್ಬದ ಪಾಯಸಕ್ಕಲ್ಲದೆ ಅಟ್ಟದಿಂದ ಇಳಿಯದ್ದು. ಅದನ್ನು ನಡುಮನೆಯಲ್ಲಿಟ್ಟು ನೀರು ತುಂಬಿ, ಬಕೆಟ್ಟಿನ ಮೀನುಗಳನ್ನು ತಮ್ಮ ಕೈಯಾರೆ ಅದಕ್ಕೆ ಸುರಿದರು.

"ಇದು ಸೋರಲ್ಲ ಅಂತ ಗೌಡರಿಗೆ ಹೇಳಿ" ಎಂದರು. ಚಿಕ್ಕಪ್ಪ ಕನ್ನಡಕ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ನೀರುಗಂಟಿ ಎದ್ದು ಬರುವ ಹೊತ್ತಿಗೆ ಕೆಲಸ ಆಗಲೇ ಶುರುವಾಗಿತ್ತು. ಒದ್ದೆ ಸೀರೆಯಲ್ಲಿ ಚಿಕ್ಕಮ್ಮ, ಕೊಪ್ಪರಿಗೆಯ ಬಾಯಿಗೆ ಅಡ್ಡಲಾಗಿ ಇಟ್ಟ ದೋಣಿಯ ಮೇಲೆ ಬಾಗಿ ಚೊಂಬಿನಿಂದ ನೀರು ಹೊಯ್ಯುತ್ತಿದ್ದರು. ಮಂಡ್ಯದ ತುದಿಗಲ್ಲ, ಮೊದಲು ಮಳವಳ್ಳಿಗೆ.