ಎದೆಯೆತ್ತರದ ದೀಪ

ಶನಿವಾರ ಬೆಳಿಗ್ಗೆ ಕಾಫಿ ಹಿಡಿದು ಹಿತ್ತಲಿಗೆ ಬಂದ ವೆಂಡಲ್‌ನ ಕಣ್ಣಿಗೆ ಗೋಡೆಯ ಮೇಲೆ ಸುಟ್ಟ ಗಾಯವೊಂದು ಬಿತ್ತು. ಅಮೆರಿಕದ ಟೊಲೆಡೊದ ಆ ಬಡಾವಣೆಯ ಮನೆಗಳಿಗೆಲ್ಲ ಹೊರಗಡೆ ವಿನೈಲ್ ಪ್ಲಾಸ್ಟಿಕ್ ಪಟ್ಟಿಗಳದೇ ಅಂಗಿ. ಮಳೆಗೆ ಜಗ್ಗದು, ಹಿಮಕ್ಕೆ ಬಗ್ಗದು, ಹೆಚ್ಚು ಬಿಸಿ ತಾಗಿದರೆ ಮಾತ್ರ ಹಪ್ಪಳ. ಎದೆಯೆತ್ತರದಲ್ಲಿ, ಎರಡು ತಟ್ಟೆ ಪಕ್ಕಪಕ್ಕ ಇಟ್ಟಷ್ಟು ಅಗಲಕ್ಕೆ, ಪಟ್ಟಿ ಕರಗಿ ಸುರುಟಿಕೊಂಡಿತ್ತು.

ಅಪರಾಧಿಯನ್ನು ಹುಡುಕಲು ಅವನು ದೂರ ಹೋಗಬೇಕಿರಲಿಲ್ಲ. ಹಿಂದಿನ ಸಂಜೆ ಮಳೆ ಬಂತೆಂದು, ಬೇಲಿಯ ಬಳಿ ಇರಬೇಕಾದ ಬಾರ್ಬೆಕ್ಯೂ ಒಲೆಯನ್ನು ಸೂರಿನ ಕೆಳಗೆ ಎಳೆದು ಸಾಸೇಜ್ ಸುಟ್ಟು ತಿಂದವನು ಅವನೇ. ಹೆಂಡತಿ ಲೊರೇನ್ ತನ್ನ ತಮ್ಮ ಡ್ಯಾರಿಲ್‌ನ ಮನೆಗೆ ಹೋಗಿದ್ದಳು. ಹೋದ ವರ್ಷ ವೆಂಡಲ್ ಹೀಗೇ ಗೋಡೆ ಕರಗಿಸಿದಾಗ ಅವಳು ಜಗಳವಾಡಿರಲಿಲ್ಲ. ಇನ್ನೊಮ್ಮೆ ಒಲೆ ಗೋಡೆಯ ಹತ್ತಿರ ಬಂದರೆ ಅದು ಡ್ಯಾರಿಲ್‌ನ ಪಾಲು ಎಂದಷ್ಟೇ ಹೇಳಿದ್ದಳು. ಅಂದಿನಿಂದ ಡ್ಯಾರಿಲ್ ಬಂದಾಗಲೆಲ್ಲ ಮೊದಲು ಒಲೆಯ ಮುಚ್ಚಳ ಸವರಿ, ಆಮೇಲೆ ಅಕ್ಕನನ್ನು ಮಾತಾಡಿಸುತ್ತಿದ್ದ. ವೆಂಡಲ್‌ಗೋ ಆ ಒಲೆ ಎಂದರೆ ಜೀವ. ವಾರವೆಲ್ಲ ಗೋದಾಮಿನಲ್ಲಿ ಬೈಸಿಕೊಂಡವನು ಅದರ ಮುಂದೆ ಚಿಮಟ ಹಿಡಿದು ನಿಂತಾಗಲೇ ಮತ್ತೆ ಮನುಷ್ಯನಾಗುತ್ತಿದ್ದ.

ಸಂಜೆ ಲೊರೇನ್ ಬರುವುದರೊಳಗೆ ಗಾಯ ಮುಚ್ಚಬೇಕು. ಬಿಸಿಲಿಗೆ ಮಾಸಿದ ಆ ಬಣ್ಣದ ಪಟ್ಟಿ ಯಾವ ಅಂಗಡಿಯಲ್ಲೂ ಸಿಗದು. ಆದರೆ ಅದರ ಮೇಲೊಂದು ದೀಪ ಕೂರಿಸಿದರೆ ಬೇಡ ಎನ್ನುವವರು ಯಾರು? ಒಲೆಯನ್ನು ಬೇಲಿಯ ಬಳಿಗೆ ಸಾಗಿಸಿ ವೆಂಡಲ್ ಅಂಗಡಿಗೆ ಓಡಿದ.

ತಂದ ದೀಪವನ್ನು ಪಟ್ಟಿಯ ಮೇಲೇ ಇಟ್ಟು ಸ್ಕ್ರೂ ಜಡಿದ. ಪಟ್ಟಿಗಳು ಇಳಿಜಾರು. ದೀಪ ಹೊಸ ಸಾಹುಕಾರನಂತೆ ಮೂಗು ಮೇಲೆತ್ತಿ ನಿಂತಿತು. ಬಿಗಿ ಮಾಡಿದಷ್ಟೂ ಪಟ್ಟಿ ಉಬ್ಬಿತು. ಅಷ್ಟರಲ್ಲಿ ಪಕ್ಕದ ಮನೆಯ ಹಬರ್ಟ್ ಬಂದ. ನಿವೃತ್ತನಾದ ಮೇಲೆ ಬೇರೆಯವರ ಕೆಲಸ ನೋಡುವುದೇ ಅವನ ಕೆಲಸ. ವೆಂಡಲ್ ಗಾಯದ ಉಳಿದರ್ಧಕ್ಕೆ ಬೆನ್ನು ಒತ್ತಿ ನಿಂತ.

"ಏನಯ್ಯಾ, ದೀಪಾನ ಎದೆ ಮಟ್ಟಕ್ಕೆ ಹಾಕ್ತಿದೀಯ? ಬೆಕ್ಕು ಓದ್ಕೊಳ್ಳುತ್ತಾ?"

"ಮೆಟ್ಟಿಲು ಕಾಣ್ಲಿ ಅಂತ."

ಅಲ್ಲಿ ಮೆಟ್ಟಿಲೇ ಇರಲಿಲ್ಲ. ಹಬರ್ಟ್ ಪುಣ್ಯಾತ್ಮ, ಆ ವಿಚಾರಕ್ಕೆ ಹೋಗಲಿಲ್ಲ. ವಿನೈಲ್ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಅದನ್ನು ಬಿಗಿಯಾಗಿ ಜಡಿಯಬಾರದು. ಪಟ್ಟಿ ಕತ್ತರಿಸಿ, ಒಳಗೋಡೆಗೆ ಚೌಕದ ಪೀಠ ಕೂರಿಸಿ, ಅದರ ಮೇಲೆ ದೀಪ ಇಡಬೇಕು ಎಂದು ಉಪದೇಶಿಸಿ, ಪೀಠ ತರಲು ತನ್ನ ಮನೆಗೆ ಹೋದ. ಆ ಸಂದಿನಲ್ಲಿ ವೆಂಡಲ್ ಕರಗಿದ ಭಾಗವನ್ನೆಲ್ಲ ಕತ್ತರಿಸಿ ತೆಗೆದ. ಕಸದ ಡಬ್ಬಿಗೆ ಹಾಕಿದರೆ ಲೊರೇನ್ ನೋಡುತ್ತಾಳೆ. ಆ ತುಂಡನ್ನು ಒಲೆಯೊಳಗಿಟ್ಟು ಮುಚ್ಚಳ ಹಾಕಿದ.

ಹಬರ್ಟ್ ಬಂದು ಆ ಕಿಂಡಿ ನೋಡಿ ದಂಗಾದ. "ಇಷ್ಟಗಲ ಯಾಕಯ್ಯಾ?"

"ಪಕ್ಕದಲ್ಲೊಂದು ಪ್ಲಗ್ ಪಾಯಿಂಟೂ ಇರ್ಲಿ ಅಂತ," ಎಂದುಬಿಟ್ಟ ವೆಂಡಲ್.

ಹೀಗೆ ಒಂದು ಗಾಯಕ್ಕೆ ಒಂದು ದೀಪ, ಒಂದು ಪ್ಲಗ್ಗು, ಎರಡು ಪೀಠ. ಅಡುಗೆಮನೆಯಿಂದ ವೈರ್ ಎಳೆಯಲು ಗೋಡೆ ಕೊರೆದಾಗ ಡ್ರಿಲ್ ಆ ಕಡೆ ಗೋದಿಹಿಟ್ಟಿನ ಚೀಲದೊಳಗೆ ಎದ್ದಿತು. ಹಿಟ್ಟು ಬಳಿದುಕೊಂಡು ಹೊರಬಂದವನನ್ನು ಬೇಲಿಯಾಚೆಯ ಕೊಸಿನ್ಸ್ಕಿ ಅಜ್ಜಿ ಕರೆದು, "ನಿನ್ನೆ ಸಾಸೇಜ್ ಘಮ ನಮ್ಮನೇ ತನಕ ಬಂತಪ್ಪ, ಸೂರಿನ ಕೆಳಗೆ ಸುಟ್ರೆ ರುಚಿ ಜಾಸ್ತೀನಾ?" ಎಂದಳು. ಇದು ಲೊರೇನ್ ಕಿವಿಗೆ ಬೀಳಬಾರದೆಂದು ವೆಂಡಲ್, ಅಜ್ಜಿಯ ಬಾಗಿಲಿಗೆ ಹಿಮ ಬಿದ್ದಾಗಲೆಲ್ಲ ತಾನೇ ಬಂದು ತೆಗೆಯುತ್ತೇನೆಂದು ಮಾತು ಕೊಟ್ಟ.

ಮಧ್ಯಾಹ್ನವೆಲ್ಲ ನೆರಳಿನಲ್ಲೇ ನಿಂತಿದ್ದರೂ ಅವನ ಕುತ್ತಿಗೆ ಚುರುಚುರು ಎನ್ನುತ್ತಿತ್ತು. ಪಾಪಪ್ರಜ್ಞೆ ಇಷ್ಟು ಸುಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಹಬರ್ಟ್ ಮಾತ್ರ ತಂಪಾಗಿ ತನ್ನ ಮನೆಯ ಹೊಸ ಕಿಟಕಿಗಳ ಗುಣಗಾನ ಮಾಡುತ್ತಿದ್ದ. "ಎಂಥಾ ಗಾಜು ಅಂತೀಯ! ಬಿಸಿಲು ಒಂದು ಚೂರೂ ಒಳಗೆ ಬರಲ್ಲ, ಹಾಗೇ ಆಚೆ ತಳ್ಳುತ್ತೆ."

ಹೊತ್ತು ಮುಳುಗುವಾಗ ಡ್ಯಾರಿಲ್‌ನ ಟ್ರಕ್ಕಿನಲ್ಲಿ ಲೊರೇನ್ ಬಂದಿಳಿದಳು. ದೀಪ ಹೊತ್ತಿತ್ತು, ನೆಟ್ಟಗಿತ್ತು. ಅವಳು ದೀಪ ನೋಡಿದಳು, ಪ್ಲಗ್ ನೋಡಿದಳು, ಗಂಡನನ್ನು ನೋಡಿದಳು.

"ಇಲ್ಲಿ ಗೋಡೆ ಕರಗಿತ್ತಲ್ಲ, ಎಲ್ಲಿ?"

ವೆಂಡಲ್ ದೀಪದ ಮುಂದೆ ಅಡ್ಡ ನಿಂತ. ಅವಳೇ ಮುಂದುವರಿಸಿದಳು. ಗುರುವಾರ ಟೊಮೆಟೊ ಗಿಡಕ್ಕೆ ನೀರು ಹಾಕುವಾಗಲೇ ಅವಳು ಅದನ್ನು ನೋಡಿದ್ದಳಂತೆ. ಹಬರ್ಟ್‌ನ ಕಿಟಕಿಗೆ ಬಡಿದ ಬಿಸಿಲು ತಿರುಗಿ ಸೀದಾ ಅಲ್ಲಿಗೇ ಬೀಳುತ್ತಿತ್ತಂತೆ. ಹೇಳಿದರೆ ವೆಂಡಲ್ ಹಬರ್ಟ್ ಮೇಲೆ ಜಗಳಕ್ಕೆ ಹೋಗುತ್ತಾನೆಂದು, ಕಿಟಕಿ ಮಾಡಿದವರಿಗೇ ಫೋನ್ ಮಾಡಿದ್ದಳು. ಸೋಮವಾರ ಬರುತ್ತಾರೆ. ಕರಗಿದ್ದು ತೋರಿಸಿದರೆ ಇಡೀ ಗೋಡೆ ಹೊಸದು.

ಎದೆಯ ಮೇಲಿದ್ದ ಬಂಡೆ ಉರುಳಿ ಬಿದ್ದಂತಾಯಿತು. ವೆಂಡಲ್ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಅಂದ್ರೆ ಒಲೆಯಿಂದ ಆಗಿದ್ದಲ್ಲ!"

ಲೊರೇನ್ ಬೇಲಿಯ ಕಡೆ ನೋಡಿದಳು. "ಯಾವ ಒಲೆ? ಅದು ಅಲ್ಲೇ ಇತ್ತಲ್ವಾ?"

 ಬೇಲಿಯಾಚೆ ಕೊಸಿನ್ಸ್ಕಿ ಅಜ್ಜಿ ಕೆಮ್ಮಿದಳು.

"ಕರಗಿದ ತುಂಡಾದ್ರೂ ಇಟ್ಟಿದೀಯೋ ಇಲ್ವೋ?"

ಇದ್ದದ್ದೇನೋ ನಿಜ. ವೆಂಡಲ್ ಮೆಲ್ಲಗೆ ನಡೆದುಹೋಗಿ ಒಲೆಯ ಮುಚ್ಚಳ ಎತ್ತಿ ತೋರಿಸಿದ. ಲೊರೇನ್ ತುಂಡನ್ನು ಜೋಪಾನವಾಗಿ ತೆಗೆದುಕೊಂಡಳು. ಮುಚ್ಚಳವನ್ನು ಡ್ಯಾರಿಲ್ ಹಾಕಿದ.

ಗೋಡೆ ಉಳಿಯಿತು, ಹಬರ್ಟ್‌ನ ಸ್ನೇಹ ಉಳಿಯಿತು, ಬಚ್ಚಿಡಲು ಇನ್ನೇನೂ ಉಳಿಯಲಿಲ್ಲ. ವೆಂಡಲ್‌ಗೆ ನಿಜಕ್ಕೂ ಹಗುರವಾಗಿತ್ತು. ಹಿತ್ತಲಲ್ಲಿ ಆಗಲೇ ಕತ್ತಲಾಗಿತ್ತು. ಆದರೂ ಹೊಸ ದೀಪದ ಬೆಳಕು ಎಷ್ಟು ಚೆನ್ನಾಗಿತ್ತೆಂದರೆ, ಡ್ಯಾರಿಲ್ ಒಲೆಯನ್ನು ಒಂದು ಕಡೆಯೂ ಎಡವದೆ ಟ್ರಕ್ಕಿನ ತನಕ ತಳ್ಳಿಕೊಂಡು ಹೋದ.